ಗುಂಡನ ರಿಪೇರಿ ಪುಸ್ತಕ

ಹಳೆಯ ಪಂಪ್ ಆಗಲಿ, ಹೊಲಿಗೆ ಯಂತ್ರವಾಗಲಿ, ರಿಪೇರಿಗೆಂದು ಮನೆಗೆ ಬಂದ ಪ್ರತಿಯೊಂದಕ್ಕೂ ನಾನು ಒಂದು ನೋಟ್‌ಬುಕ್ ಇಡುತ್ತೇನೆ. ಬಂದಾಗ ಹೇಗಿತ್ತು, ಏನನ್ನು ಮುಟ್ಟಿದೆ, ಮುಟ್ಟಿದ ಮೇಲೆ ಏನು ಬದಲಾಯಿತು, ಅಷ್ಟೇ. ಆಶ್ರಯಧಾಮದಿಂದ ನಾಯಿಯನ್ನು ತಂದಾಗಲೂ ಕೈ ತಾನಾಗಿ ನೋಟ್‌ಬುಕ್ಕಿಗೆ ಹೋಯಿತು.

ನಾಯಿಯ ಹೆಸರು ಗುಂಡ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿದ್ದ ಪ್ರಾಣಿಗೆ ಯಾರು ಯಾವ ಹುಮ್ಮಸ್ಸಿನಲ್ಲಿ ಆ ಹೆಸರಿಟ್ಟರೋ! ಜೊತೆಗೊಂದು ಚೀಟಿ ಬಂದಿತ್ತು. ಗಂಡು, ಅಂದಾಜು ಮೂರು ವರ್ಷ. ಅದರ ಕೆಳಗೆ ‘ಸ್ವಭಾವ’ ಎಂಬ ಕಾಲಂನಲ್ಲಿ ನಾಲ್ಕು ದೂರುಗಳು: ಮುಟ್ಟಿದರೆ ಗುರುಗುಟ್ಟುತ್ತದೆ. ಊಟದ ತಟ್ಟೆಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ನಡೆಯಲು ಸೋಮಾರಿ. ಒಳಗೇ ಮೂತ್ರ ಮಾಡುತ್ತದೆ. ಆ ಚೀಟಿಯನ್ನು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ, ನಾಲ್ಕರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ದೇಹದಲ್ಲಿ ಎಲ್ಲಿ ನೋವಿದೆ, ಎಲ್ಲಿ ಕೊರತೆಯಿದೆ ಎಂದು ಹುಡುಕಿ ಮುಗಿಯುವ ತನಕ ನಾಯಿಯ ಸ್ವಭಾವದ ಬಗ್ಗೆ ತೀರ್ಪು ಬರೆಯಬಾರದು ಎಂಬುದು ನಾನೇ ಹಾಕಿಕೊಂಡ ನಿಯಮ. ಮುಂದೆ ಬರುವುದೆಲ್ಲ ಆ ನಾಲ್ಕು ದೂರುಗಳ ಬೆನ್ನು ಹತ್ತಿದ ಲೆಕ್ಕ. ತಾರೀಖಿನ ಪ್ರಕಾರ ಬರೆದಿಲ್ಲ, ಕೆಲಸದ ಪ್ರಕಾರ ಬರೆದಿದ್ದೇನೆ. ಹೊಟ್ಟೆ, ರಕ್ತ, ಚರ್ಮ, ಹೆದರಿಕೆ ಎಲ್ಲವೂ ಒಟ್ಟಿಗೇ ನಡೆಯುತ್ತಿದ್ದವು.

ಮೊದಲ ಅಳತೆ

ಆಶ್ರಯಧಾಮದಿಂದ ನೇರವಾಗಿ ಪಶುವೈದ್ಯರ ಬಳಿಗೆ, ಅಲ್ಲಿಂದ ಮನೆಗೆ. ಈ ಕ್ರಮ ಮುಖ್ಯ. ಮನೆಗೆ ಬಂದು ಒಂದಿಷ್ಟು ನೆಲೆ ಕಂಡುಕೊಂಡ ನಾಯಿಯನ್ನು ಮರುದಿನವೇ ಎತ್ತಿಕೊಂಡು ಸೂಜಿ ಚುಚ್ಚಿಸಲು ಹೋದರೆ, ಕಂಡ ನೆಲೆಯೂ ಹೋಗುತ್ತದೆ. ಕೆಟ್ಟ ಅನುಭವಗಳೆಲ್ಲ ಹಳೆಯ ಜಾಗದ ಲೆಕ್ಕಕ್ಕೇ ಸೇರಲಿ ಎಂಬ ಹಂಚಿಕೆ ನನ್ನದು.

ವೈದ್ಯರು ಮೂತಿಗೆ ಬುಟ್ಟಿ ಕಟ್ಟಿ ರಕ್ತ ತೆಗೆದುಕೊಂಡರು, ಜ್ವರ ನೋಡಿದರು. ನಾಯಿಯ ಸಹಜ ತಾಪಮಾನ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಮನುಷ್ಯನ ಲೆಕ್ಕದಲ್ಲಿ ನೋಡಿದರೆ ಆರೋಗ್ಯವಂತ ನಾಯಿಗೂ ಜ್ವರವಿದ್ದಂತೆಯೇ ಕಾಣುತ್ತದೆ. ಗುಂಡನಿಗೆ 39.7 ಇತ್ತು. ತುಟಿ ಎತ್ತಿ ವಸಡು ಒತ್ತಿದರು. ಒತ್ತಿದ ಜಾಗ ಬಿಳುಚಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಇವನ ವಸಡು ಒತ್ತುವ ಮೊದಲೇ ಬಿಳುಚಿತ್ತು.

ದೇಹಸ್ಥಿತಿಗೆ ಒಂದರಿಂದ ಒಂಬತ್ತರ ತನಕ ಅಂಕ ಕೊಡುವ ಪದ್ಧತಿಯಿದೆ. ನಾಲ್ಕು ಅಥವಾ ಐದು ಬಂದರೆ ಸರಿಯಾದ ಮೈ. ಒಂದು ಎಂದರೆ ಮೂಳೆ ಮತ್ತು ತೊಗಲು ಮಾತ್ರ, ಒಂಬತ್ತು ಎಂದರೆ ಸೊಂಟವೇ ಕಾಣದಷ್ಟು ಬೊಜ್ಜು. ಗುಂಡನಿಗೆ ಎರಡು. ತೂಕ 14 ಕಿಲೋ. ಎಲುಬಿನ ಚೌಕಟ್ಟು ನೋಡಿದರೆ 20ರ ಆಸುಪಾಸು ಇರಬೇಕಾಗಿತ್ತು.

ಮನೆಯಲ್ಲಿ ತೂಕ ನೋಡಲು, ನಾಯಿಯನ್ನು ಎತ್ತಿಕೊಂಡು ನಿಂತು ನಮ್ಮ ತೂಕ ಕಳೆಯುವುದು ಸುಲಭದ ದಾರಿ. ಮುಟ್ಟಿದರೆ ಗುರುಗುಟ್ಟುವ ನಾಯಿಯ ಬಳಿ ಅದು ನಡೆಯುವುದಿಲ್ಲ. ತೂಕದ ಯಂತ್ರದ ಮೇಲೆ ಅಗಲವಾದ ಪ್ಲೈವುಡ್ ಹಲಗೆ ಇಟ್ಟು, ಅದಕ್ಕೆ ರಬ್ಬರ್ ಚಾಪೆ ಅಂಟಿಸಿ, ಮೂಲೆಗಳ ಕೆಳಗೆ ಏನೂ ತಗುಲದಂತೆ ನೋಡಿಕೊಂಡೆ. ಹಲಗೆಯ ತೂಕವನ್ನು ಮೇಲೆಯೇ ಬರೆದಿದ್ದೇನೆ. ಅದರ ಮೇಲೆ ಒಂದು ಚೂರು ತಿಂಡಿ ಬಿದ್ದರೆ ನಾಲ್ಕೂ ಕಾಲು ತಾವಾಗಿ ಹತ್ತುತ್ತವೆ. ವಾರಕ್ಕೊಮ್ಮೆ, ಬೆಳಿಗ್ಗೆ, ಉಣ್ಣುವ ಮೊದಲು.

ಚಮಚದ ಲೆಕ್ಕ

ಹಸಿದ ನಾಯಿಯನ್ನು ಕಂಡವರೆಲ್ಲರಿಗೂ ಬರುವ ಮೊದಲ ಯೋಚನೆ ಹೊಟ್ಟೆ ತುಂಬ ಹಾಕಬೇಕು ಎನ್ನುವುದು. ನಮ್ಮ ಅಮ್ಮನೂ ಅದನ್ನೇ ಹೇಳಿದರು: “ಅಷ್ಟೊಂದು ಹಸಿದಿದೆ, ಚಮಚದಲ್ಲಿ ಕೊಡುತ್ತೀಯಲ್ಲೋ! ಕರುಣೆ ಬೇಡವೇ?”

ಕರುಣೆಯಿಂದಲೇ ಇಂಥ ನಾಯಿಗಳು ಸಾಯುವುದುಂಟು. ಬಹುಕಾಲ ಉಪವಾಸವಿದ್ದ ದೇಹ ತನ್ನ ಕೊಬ್ಬು ಮತ್ತು ಮಾಂಸಖಂಡವನ್ನೇ ಕರಗಿಸಿಕೊಂಡು ಬದುಕುತ್ತಿರುತ್ತದೆ. ಒಮ್ಮೆಲೇ ಊಟ, ಅದರಲ್ಲೂ ಪಿಷ್ಟ ಹೆಚ್ಚಿರುವ ಊಟ ಬಿದ್ದರೆ ಇನ್ಸುಲಿನ್ ಏರುತ್ತದೆ. ಆ ಇನ್ಸುಲಿನ್ ಸಕ್ಕರೆಯ ಜೊತೆಗೆ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನೂ ರಕ್ತದಿಂದ ಜೀವಕೋಶಗಳ ಒಳಗೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಅವು ಕುಸಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ, ಸ್ನಾಯು ಸೋಲುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಯಿಂದ ಬಿಡುಗಡೆಯಾದ, ಹಸಿವಿನಿಂದ ಬತ್ತಿದ ಮನುಷ್ಯರು ಊಟ ಸಿಕ್ಕ ಮೇಲೆ ಸತ್ತದ್ದು ಇದೇ ಕಾರಣಕ್ಕೆ. ಅಪಾಯವಿರುವುದು ಊಟ ಶುರುವಾದ ಮೊದಲ ಕೆಲವು ದಿನಗಳಲ್ಲಿ.

ಲೆಕ್ಕ ಹೀಗೆ. ಸುಮ್ಮನೆ ಮಲಗಿರುವ ದೇಹಕ್ಕೆ ದಿನಕ್ಕೆ ಬೇಕಾದ ಶಕ್ತಿ, ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿದಷ್ಟು ಕಿಲೋ ಕ್ಯಾಲೊರಿ. ತೀರಾ ಚಿಕ್ಕ, ತೀರಾ ದೊಡ್ಡ ನಾಯಿಗಳನ್ನು ಬಿಟ್ಟು ಉಳಿದವಕ್ಕೆ ಈ ಸೂತ್ರ ಸಾಕು. 14 ಕಿಲೋಗೆ 490 ಬರುತ್ತದೆ. ವೈದ್ಯರು ಮೊದಲ ದಿನ ಅದರ ಕಾಲುಭಾಗ ಮಾತ್ರ ಎಂದರು: ಸುಮಾರು 120 ಕಿಲೋ ಕ್ಯಾಲೊರಿ. ಅವರು ಬರೆದುಕೊಟ್ಟ ಡಬ್ಬಿ ಆಹಾರದಲ್ಲಿ 100 ಗ್ರಾಂಗೆ ಹೆಚ್ಚುಕಡಿಮೆ 100 ಕಿಲೋ ಕ್ಯಾಲೊರಿ ಇತ್ತು. ಅಂದರೆ ಇಡೀ ದಿನಕ್ಕೆ 120 ಗ್ರಾಂ, ಆರು ಸಲಕ್ಕೆ ಹಂಚಿದರೆ ಸಲಕ್ಕೆ 20 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಆರು ಪುಟ್ಟ ಬಟ್ಟಲುಗಳಲ್ಲಿ ಬೆಳಿಗ್ಗೆಯೇ ಇಟ್ಟುಬಿಡುತ್ತಿದ್ದೆ. ಹಾಗೆ ಇಡದಿದ್ದರೆ ಮನೆಯಲ್ಲಿ ಯಾರ ಕೈಯಾದರೂ ಉದಾರವಾಗುವುದು ಖಂಡಿತ.

20 ಗ್ರಾಂ ಗುಂಡನ ಬಾಯಲ್ಲಿ ಎರಡು ನೆಕ್ಕು. ನಂತರ ಬಟ್ಟಲನ್ನು ಮೂತಿಯಿಂದ ತಳ್ಳಿಕೊಂಡು ಕೋಣೆಯ ಗೋಡೆಯ ತನಕ ಹೋಗುತ್ತಿದ್ದ, ಅಲ್ಲಿಂದ ತಿರುಗಿ ನನ್ನನ್ನು ನೋಡುತ್ತಿದ್ದ. ನೋಡಿದರೂ ಕೊಡಲಿಲ್ಲ. ದಿನದಿಂದ ದಿನಕ್ಕೆ ಏರಿಸುತ್ತ ಪೂರ್ತಿ 490ಕ್ಕೆ ಬರುವ ತನಕ ಎರಡು ಬಾರಿ ರಕ್ತ ಪರೀಕ್ಷಿಸಿ ರಂಜಕ ಮತ್ತು ಪೊಟ್ಯಾಸಿಯಂ ನೋಡಿದರು. ಅವು ಒಂದೇ ಮಟ್ಟದಲ್ಲಿ ನಿಂತ ನಂತರವೇ ಊಟ ಇನ್ನೂ ಮೇಲಕ್ಕೆ. ಊಟದ ಬಗೆಯನ್ನು ಬದಲಿಸುವುದು, ಜಂತುಹುಳುವಿನ ಔಷಧ, ಹೊಸ ಮಾತ್ರೆ, ಇವು ಯಾವುವೂ ಒಂದೇ ದಿನ ಶುರುವಾಗದಂತೆ ನೋಡಿಕೊಂಡೆ. ಭೇದಿಯಾದರೆ ಯಾವುದರಿಂದ ಆಯಿತು ಎಂದು ಗೊತ್ತಾಗಬೇಕಲ್ಲ.

ಮಲಕ್ಕೂ ಒಂದು ಕಾಲಂ ಇತ್ತು. ಗಟ್ಟಿಯಿಂದ ನೀರಿನ ತನಕ ಒಂದರಿಂದ ಏಳರ ಅಂಕ. ಎರಡು, ಮೂರು ಒಳ್ಳೆಯದು. ಮಲದ ಮಾದರಿಯಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತು. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಜಾತಿ, ಆದ್ದರಿಂದ ಬಿಳುಚಿದ ವಸಡಿಗೆ ಅದೂ ಒಬ್ಬ ಪಾಲುದಾರ. ಔಷಧ ಒಮ್ಮೆ ಕೊಟ್ಟರೆ ಮುಗಿಯುವುದಿಲ್ಲ. ಕರುಳಿನಲ್ಲಿರುವ ದೊಡ್ಡ ಹುಳುಗಳು ಸತ್ತರೂ ದೇಹದಲ್ಲಿ ಅಡಗಿರುವ ಮರಿಗಳು ಆಮೇಲೆ ಬಂದು ಸೇರುತ್ತವೆ, ಹಾಗಾಗಿ ಎರಡು ಮೂರು ವಾರಗಳ ನಂತರ ಮತ್ತೆ ಕೊಡಬೇಕು. ಬಾಲದ ಬುಡದಲ್ಲಿ ಒಣಗಿದ ಅಕ್ಕಿಕಾಳಿನಂಥ ತುಂಡುಗಳು ಕಂಡರೆ ಅದು ಲಾಡಿಹುಳು. ಅದು ಬರುವುದು ಸಾಮಾನ್ಯವಾಗಿ ಚಿಗಟ ನುಂಗಿದಾಗ. ಚಿಗಟ ಬಿಟ್ಟು ಹುಳುವನ್ನು ಮಾತ್ರ ಹೊಡೆದರೆ ತಿಂಗಳೊಳಗೆ ವಾಪಸು.

ಸೋಮಾರಿತನದ ಹಿಂದೆ

ಮೂರನೆಯ ದೂರು ಎಲ್ಲಕ್ಕಿಂತ ಮೊದಲು ಬಿದ್ದುಹೋಯಿತು. ರಕ್ತದ ವರದಿಯಲ್ಲಿ ಕೆಂಪುಕಣಗಳ ಪಾಲು 24 ಪ್ರತಿಶತ. ನಾಯಿಗೆ 37ರಿಂದ 55 ಇರಬೇಕು. ಪ್ಲೇಟ್‌ಲೆಟ್ ಕೂಡ ತೀರಾ ಕಡಿಮೆ. ಮೈಮೇಲೆ ಬೆರಳಾಡಿಸಿದಾಗ ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳುಗಳ ಸಂದಿಯಲ್ಲಿ ಉಣ್ಣಿಗಳಿದ್ದುದರಿಂದ ವೈದ್ಯರ ಅನುಮಾನ ನೇರವಾಗಿ ಉಣ್ಣಿಜ್ವರಕ್ಕೆ ಹೋಗಿತ್ತು. ಪರೀಕ್ಷೆಯಲ್ಲಿ ಎರ್ಲಿಕಿಯಾ ಎಂದು ಬಂತು. ನಾಯಿಗಳಿಗೆ ಹತ್ತುವ ಕಂದು ಬಣ್ಣದ ಉಣ್ಣಿ ಹರಡುವ ಬ್ಯಾಕ್ಟೀರಿಯಾ ಇದು. ಬಿಳಿ ರಕ್ತಕಣಗಳ ಒಳಗೇ ಮನೆ ಮಾಡಿಕೊಳ್ಳುತ್ತದೆ. ಜ್ವರ, ಸುಸ್ತು, ಮೂಗಿನಲ್ಲಿ ರಕ್ತ, ಹೊಟ್ಟೆಯ ತೆಳು ಚರ್ಮದ ಮೇಲೆ ಕೆಂಪು ಚುಕ್ಕೆ ಇದರ ಗುರುತುಗಳು. ರಕ್ತದಲ್ಲಿ ಆಮ್ಲಜನಕ ಹೊರುವವರೇ ಅರ್ಧಕ್ಕಿಳಿದಿರುವಾಗ ಯಾವ ನಾಯಿ ಓಡೀತು?

ಚಿಕಿತ್ಸೆ ಡಾಕ್ಸಿಸೈಕ್ಲಿನ್, ಸಾಮಾನ್ಯವಾಗಿ 28 ದಿನ. ನಾಲ್ಕೈದು ದಿನಕ್ಕೆ ನಾಯಿ ಚುರುಕಾಗಿಬಿಡುತ್ತದೆ, ಅಲ್ಲಿಗೇ ಮಾತ್ರೆ ನಿಲ್ಲಿಸುವವರು ಬಹಳ. ರೋಗ ಆಗ ಒಳಗೆ ಕುಳಿತು ತಿಂಗಳುಗಳ ನಂತರ ಮೂಳೆಯ ಮಜ್ಜೆಗೇ ಕೈ ಹಾಕಬಹುದು. ಮಾತ್ರೆ ಗಂಟಲಲ್ಲಿ ನಿಂತರೆ ಅನ್ನನಾಳ ಸುಡುತ್ತದೆ, ಆದ್ದರಿಂದ ಊಟದ ನಡುವೆ ಕೊಟ್ಟು ಮೇಲಿಂದ ಮತ್ತೊಂದು ತುತ್ತು, ನೀರು. ಹಾಲಿನ ಪದಾರ್ಥದಲ್ಲಿ ಅಡಗಿಸಿ ಕೊಡಬಾರದು. ಅದರಲ್ಲಿರುವ ಕ್ಯಾಲ್ಸಿಯಂ ಔಷಧವನ್ನು ಹಿಡಿದುಕೊಳ್ಳುತ್ತದೆ.

ಉಣ್ಣಿ ಕೀಳುವುದು ಬೇಸರದ ಆದರೆ ವಿಚಿತ್ರವಾಗಿ ತೃಪ್ತಿ ಕೊಡುವ ಕೆಲಸ. ಚೂಪು ಚಿಮುಟವನ್ನು ಚರ್ಮಕ್ಕೆ ತಾಗಿಸಿ, ಉಣ್ಣಿಯ ಬಾಯಿಯ ಹತ್ತಿರವೇ ಹಿಡಿದು, ತಿರುಚದೆ ನೇರವಾಗಿ ಎಳೆಯಬೇಕು. ಎಣ್ಣೆ ಹಚ್ಚುವುದು, ಬೆಂಕಿ ಕಡ್ಡಿ ತಾಗಿಸುವುದು, ಉಗುರಿನಲ್ಲಿ ಹೊಟ್ಟೆ ಒಡೆಯುವುದು ಬೇಡ. ಒತ್ತಿದರೆ ಅದರ ಹೊಟ್ಟೆಯಲ್ಲಿದ್ದದ್ದು ನಾಯಿಯ ಮೈಗೇ ಹೋಗುತ್ತದೆ. ಕೈಗವಸು ಹಾಕಿಕೊಂಡು ಕಿತ್ತದ್ದನ್ನು ಸ್ಪಿರಿಟ್ ತುಂಬಿದ ಶೀಶೆಗೆ ಹಾಕುತ್ತ ಹೋದೆ. ಇಷ್ಟಾದರೂ ಕೈಯಿಂದ ಕೀಳುವುದು ಪೂರ್ಣ ಪರಿಹಾರವಲ್ಲ. ತೂಕಕ್ಕೆ ಸರಿಯಾದ ಉಣ್ಣಿ ಮಾತ್ರೆಯನ್ನು ವೈದ್ಯರೇ ಕೊಟ್ಟರು. ಫಿಟ್ಸ್ ಇತಿಹಾಸವಿರುವ ನಾಯಿಗಳಿಗೆ ಈ ಜಾತಿಯ ಮಾತ್ರೆಯನ್ನು ಯೋಚಿಸಿ ಕೊಡಬೇಕಾಗುತ್ತದೆ. ಕಂದು ಉಣ್ಣಿ ಮನೆಯೊಳಗೂ ಮೊಟ್ಟೆಯಿಟ್ಟು ಸಂಸಾರ ಹೂಡುವ ಪೈಕಿ, ಹಾಗಾಗಿ ಗೋಡೆಯ ಬಿರುಕು, ಮಂಚದ ಕೀಲು, ಚಾಪೆಯ ಅಂಚುಗಳನ್ನು ವ್ಯಾಕ್ಯೂಮ್ ಮಾಡಿ ಚೀಲವನ್ನು ಕಟ್ಟಿ ಹೊರಗೆ ಹಾಕಿದೆ.

ಸೋಮಾರಿತನದ ಇನ್ನೊಂದು ಅರ್ಧ ನೆಲದಲ್ಲಿತ್ತು.

ಗೂಡು ಮತ್ತು ದಾರಿ

ಗುಂಡ ಬಾಗಿಲಿನ ಪಕ್ಕದ ಮೂಲೆ ಹಿಡಿದವನು ಅಲ್ಲಿಂದ ಏಳಲೇ ಇಲ್ಲ. ನೀರಿನ ಬಟ್ಟಲು ಎರಡು ಮಾರು ದೂರದಲ್ಲಿದ್ದರೂ ಹೋಗುವುದಿಲ್ಲ. ನಾನು ನೆಲಕ್ಕೆ ಮುಖ ತಾಗುವಂತೆ ಮಲಗಿ ಅವನ ಕಾಲುಗಳನ್ನು ನೋಡಿದೆ. ನೆಲಕ್ಕೆ ಹಾಸಿದ್ದು ನುಣುಪಾದ ಟೈಲ್ಸ್. ಉದ್ದ ಬೆಳೆದು ಬಾಗಿದ ಉಗುರುಗಳು ಮೊದಲು ನೆಲಕ್ಕೆ ತಾಗಿ, ಪಾದದ ಮೆತ್ತೆ ಮೇಲೆಯೇ ಉಳಿಯುತ್ತಿತ್ತು. ಎದ್ದು ನಿಂತ ಕೂಡಲೇ ಹಿಂಗಾಲು ಎರಡೂ ನಿಧಾನವಾಗಿ ಅಗಲಕ್ಕೆ ಜಾರುತ್ತಿದ್ದವು. ಅವನ್ನು ಒಟ್ಟಿಗೆ ಎಳೆದು ಹಿಡಿಯುವ ತೊಡೆಯ ಮಾಂಸ ಕರಗಿಹೋಗಿತ್ತು. ಜಾರುವ ನೆಲದ ಮೇಲೆ ನಿಲ್ಲುವುದಕ್ಕಿಂತ ಬಾಯಾರಿಕೆಯೇ ಲೇಸು ಎಂದು ಅವನು ತೀರ್ಮಾನಿಸಿದ್ದ.

ರಬ್ಬರ್ ತಳದ ಚಾಪೆಯನ್ನು ಮೊಳ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಮಲಗುವ ಜಾಗದಿಂದ ನೀರಿಗೆ, ನೀರಿನಿಂದ ಊಟಕ್ಕೆ, ಅಲ್ಲಿಂದ ಹೊರಬಾಗಿಲಿಗೆ ರಸ್ತೆ ಹಾಕಿದೆ. ಅಂಚುಗಳು ಎದ್ದು ಕಾಲಿಗೆ ಸಿಕ್ಕದಂತೆ ಎರಡು ಕಡೆಯೂ ಅಂಟುವ ಟೇಪ್. ಆ ಸಂಜೆಯೇ ಗುಂಡ ಪಟ್ಟಿಯ ಮೇಲೆ ಹೆಜ್ಜೆ ಇಟ್ಟ. ಪಟ್ಟಿ ಮುಗಿದಲ್ಲಿ ನಿಂತ, ಮುಂಗಾಲು ಟೈಲ್ಸ್ ಮೇಲೆ ಇಟ್ಟು ನೋಡಿ ಹಿಂದಕ್ಕೆ ತೆಗೆದುಕೊಂಡ. ಬಹಳ ದಿನ ನಮ್ಮ ಮನೆಯಲ್ಲಿ ಅವನಿಗೆ ಇದ್ದದ್ದು ಆ ಪಟ್ಟಿಗಳಷ್ಟೇ ಅಗಲದ ಜಗತ್ತು. ಉಗುರನ್ನು ಒಮ್ಮೆಲೇ ಗಿಡ್ಡ ಮಾಡಲಾಗದು, ಒಳಗಿನ ರಕ್ತನಾಳವೂ ಉದ್ದ ಬೆಳೆದಿರುತ್ತದೆ. ತುದಿಯನ್ನು ಸ್ವಲ್ಪ ಸ್ವಲ್ಪವೇ ಆಗಾಗ ಕತ್ತರಿಸುತ್ತ ಬಂದರೆ ಆ ನಾಳವೂ ಹಿಂದಕ್ಕೆ ಸರಿಯುತ್ತದೆ.

ಮಲಗಲು ಹಳೆಯ ಮೇಜನ್ನೇ ಗೂಡು ಮಾಡಿದೆ. ಎರಡು ಕಡೆ ಗೋಡೆ, ಮೂರನೆಯ ಕಡೆ ಹೊದಿಕೆ, ನಾಲ್ಕನೆಯದು ತೆರೆದಿದೆ. ಒಳಗೆ 10 ಸೆಂಟಿಮೀಟರ್ ದಪ್ಪದ ಫೋಮ್, ಮೇಲೆ ನೀರು ಇಳಿಯದ ಹೊದಿಕೆ, ಅದರ ಮೇಲೆ ಒಗೆಯಬಹುದಾದ ಬಟ್ಟೆ. ಮಾಂಸವಿಲ್ಲದ ನಾಯಿಗೆ ಮೊಣಕೈ ಮತ್ತು ಸೊಂಟದ ಮೂಳೆ ನೆಲಕ್ಕೆ ಒತ್ತಿ ಹುಣ್ಣಾಗುತ್ತದೆ, ಗೋಣಿಚೀಲ ಹಾಸಿದರೆ ಸಾಲದು. ಒಳಗಿದ್ದಾಗ ಯಾರೂ ಕೈ ಹಾಕಬಾರದು, ಬಗ್ಗಿ ಇಣುಕಬಾರದು. ಮಲಗಿದ್ದಾಗ ಮುಟ್ಟಿ ಎಬ್ಬಿಸಬಾರದು, ದೂರದಿಂದ ಹೆಸರು ಕರೆಯಬೇಕು. ನೆಂಟರಿಷ್ಟರಿಗೆ ಕೆಲವು ವಾರ ಬರಬೇಡಿ ಎಂದೆ. ಮುನಿಸಿಕೊಂಡವರು ಇದ್ದಾರೆ, ಇರಲಿ.

ಮೊದಲ ಮೂರು ದಿನ ಗಾಬರಿ ಇಳಿಯಲು, ಮೂರು ವಾರ ಮನೆಯ ರೀತಿ ತಿಳಿಯಲು, ಮೂರು ತಿಂಗಳು ತನ್ನ ಮನೆ ಎನ್ನಿಸಲು ಎಂಬ ಲೆಕ್ಕ ನಾಯಿ ಸಾಕುವವರ ಬಾಯಲ್ಲಿ ಓಡಾಡುತ್ತದೆ. ಅದು ಅಂದಾಜು ಅಷ್ಟೇ, ಗಡುವಲ್ಲ. ಗುಂಡನ ಮೊದಲ ಹಂತವೇ ಹೆಚ್ಚು ಎಳೆಯಿತು. ಕಾಯಿಲೆ ಬಿದ್ದ ನಾಯಿ ಮನೆಗೆ ಹೊಂದಿಕೊಳ್ಳುತ್ತಿದೆಯೋ, ಸುಸ್ತಿನಿಂದ ಸುಮ್ಮನಿದೆಯೋ ಹೇಳುವುದು ಕಷ್ಟ. “ಎಷ್ಟು ಸಾಧು ನಾಯಿ!” ಎಂದು ಮೊದಲ ವಾರ ಹೊಗಳಿಸಿಕೊಂಡ ನಾಯಿಗಳು ರಕ್ತ ಏರಿದ ಮೇಲೆ ಚಪ್ಪಲಿ ಕಚ್ಚಲು ತೊಡಗುವುದು ಒಳ್ಳೆಯ ಸುದ್ದಿಯೇ.

ಕಿವಿ

‘ಮುಟ್ಟಿದರೆ ಗುರುಗುಟ್ಟುತ್ತದೆ.’ ಎಲ್ಲಿ ಮುಟ್ಟಿದರೆ? ಚೀಟಿಯಲ್ಲಿ ಅದಿರಲಿಲ್ಲ. ಪುಸ್ತಕದಲ್ಲಿ ನಾಯಿಯ ಆಕಾರವೊಂದನ್ನು ಬರೆದು, ಗುರುಗುಟ್ಟಿದಾಗಲೆಲ್ಲ ನನ್ನ ಕೈ ಎಲ್ಲಿತ್ತು ಎಂದು ಗುರುತು ಹಾಕುತ್ತ ಬಂದೆ. ಬೆನ್ನು, ಎದೆ, ಕಾಲು ಖಾಲಿ ಉಳಿದವು. ಗುರುತುಗಳೆಲ್ಲ ಕುತ್ತಿಗೆಯ ಬಲಭಾಗದಲ್ಲಿ ಗುಂಪುಗೂಡಿದವು. ಕೊರಳಪಟ್ಟಿ ಹಾಕುವಾಗ, ತಲೆ ಸವರಲು ಕೈ ಎತ್ತಿದಾಗ. ಮಲಗುವಾಗಲೂ ತಲೆ ಎಡಕ್ಕೆ ಒರಗಿಸುತ್ತಿದ್ದ.

ವೈದ್ಯರಿಗೆ ಆ ಚಿತ್ರ ತೋರಿಸಿದೆ. ಮೊದಲ ದಿನ ಹೆದರಿಕೆಯ ನಡುವೆ ಕಿವಿಯೊಳಗೆ ಇಣುಕಲು ಆಗಿರಲಿಲ್ಲ. ಈ ಸಲ ಸ್ವಲ್ಪ ಮಂಪರು ಔಷಧ ಕೊಟ್ಟು ಒಳಗೆ ನೋಡಿದರು. ಕಂದು ಬಣ್ಣದ ಜಿಡ್ಡು, ಹುಳಿ ವಾಸನೆ, ನಾಳ ಊದಿ ಕಿರಿದಾಗಿತ್ತು. ಹತ್ತಿಕಡ್ಡಿಗೆ ಬಂದದ್ದನ್ನು ಗಾಜಿಗೆ ಒರೆಸಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಲಸೀಜಿಯಾ ಎಂಬ ಶಿಲೀಂಧ್ರ ತುಂಬಿತ್ತು. ಕಿವಿತಮಟೆ ಹರಿದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ತೊಳೆಯುವ ದ್ರಾವಣ ಕೊಟ್ಟರು. ಹರಿದ ತಮಟೆಯ ಮೂಲಕ ಕೆಲವು ದ್ರಾವಣಗಳು ಒಳಗಿವಿಗೆ ಹೋದರೆ ನಾಯಿ ಕಿವುಡಾಗಬಹುದು, ಹಾಗಾಗಿ ಮನೆಯಲ್ಲಿದ್ದ ಯಾವುದೋ ಹನಿಯನ್ನು ಬಿಡುವುದು ಸಲ್ಲದು.

“ನೋಡಿ, ನಿಮ್ಮ ನಾಯಿ ಸಿಟ್ಟಿನದ್ದಲ್ಲ,” ಎಂದರು ಡಾಕ್ಟರು, “ಇಷ್ಟು ನೋವಿಟ್ಟುಕೊಂಡು ಬರೀ ಗುರುಗುಟ್ಟಿದೆ ಎಂದರೆ ಬಹಳ ಸಜ್ಜನ.”

ಈಗ ಆ ಸಜ್ಜನನ ಕಿವಿಗೆ ದಿನವೂ ಔಷಧ ಬಿಡಬೇಕಲ್ಲ. ಹಿಡಿದು ಒತ್ತಿ ಹಾಕಬಹುದಿತ್ತು. ಹಾಗೆ ಮಾಡಿದರೆ ಕಿವಿ ವಾಸಿಯಾಗುವ ಹೊತ್ತಿಗೆ ಕೈಯ ಹೆದರಿಕೆ ಕಾಯಂ ಆಗುತ್ತಿತ್ತು. ವೈದ್ಯರು ಮೊದಲ ಸಲ ಅಲ್ಲಿಯೇ ಚೆನ್ನಾಗಿ ತೊಳೆದು, ಹಲವು ದಿನ ಒಳಗೇ ಉಳಿಯುವ ಔಷಧ ತುಂಬಿ ನನಗೆ ಸಮಯ ಕೊಡಿಸಿದರು. ಆ ಸಮಯದಲ್ಲಿ ನಾನು ಗಲ್ಲದ ಪಾಠ ಶುರು ಮಾಡಿದೆ.

ಮಡಿಸಿದ ಟವೆಲ್ ಒಂದನ್ನು ನನ್ನ ತೊಡೆಯ ಮೇಲೆ ಇಡುವುದು. ಅವನ ಗಲ್ಲ ಅದಕ್ಕೆ ತಾಗಿದರೆ ತಿಂಡಿ. ತಾಗಿಸಿ ಇಟ್ಟುಕೊಂಡರೆ ಮತ್ತೆ ತಿಂಡಿ. ಗಲ್ಲ ಅಲ್ಲಿರುವಾಗ ನನ್ನ ಕೈ ಗಾಳಿಯಲ್ಲಿ ಎರಡಂಗುಲ ಹತ್ತಿರ ಬರುತ್ತದೆ, ತಿಂಡಿ. ಅವನು ಗಲ್ಲ ಎತ್ತಿದರೆ ನನ್ನ ಕೈ ಅದೇ ಕ್ಷಣ ಹಿಂದೆ ಹೋಗುತ್ತದೆ, ಯಾವ ಗದರಿಕೆಯೂ ಇಲ್ಲ. ಹೀಗೆ ಕೈ ಕುತ್ತಿಗೆಗೆ, ಕಿವಿಯ ತುದಿಗೆ, ಕಿವಿ ಎತ್ತುವುದಕ್ಕೆ, ಖಾಲಿ ಶೀಶೆಯನ್ನು ತಾಗಿಸುವುದಕ್ಕೆ ಬಂತು. ನಿಲ್ಲಿಸುವ ಗುಂಡಿ ತನ್ನ ಬಳಿಯೇ ಇದೆ ಎಂದು ಗೊತ್ತಾದ ಮೇಲೆ ನಾಯಿ ಅದನ್ನು ಒತ್ತುವುದೇ ಕಡಿಮೆಯಾಗುತ್ತದೆ. ದ್ರಾವಣವನ್ನು ಮೊದಲೇ ಅಂಗೈಯಲ್ಲಿ ಹಿಡಿದು ಮೈಬಿಸಿಗೆ ತಂದೆ; ತಣ್ಣಗಿನ ನೀರು ಕಿವಿಗೆ ಬಿದ್ದರೆ ಯಾರಿಗಾದರೂ ಬೆಚ್ಚಿಬೀಳುವಂತಾಗುತ್ತದೆ. ನಾಳ ತುಂಬುವಷ್ಟು ಬಿಟ್ಟು, ಕಿವಿಯ ಬುಡವನ್ನು ಅರ್ಧ ನಿಮಿಷ ಮೆಲ್ಲಗೆ ಮರ್ದಿಸಬೇಕು. ಒಳಗೆ ಪಚಪಚ ಸದ್ದು ಕೇಳುತ್ತದೆ. ಕೈ ಬಿಟ್ಟರೆ ನಾಯಿಯೇ ತಲೆ ಒದರಿ ಕೊಳೆಯನ್ನು ಮೇಲೆ ತರುತ್ತದೆ, ಗೋಡೆಗೂ ನಮ್ಮ ಕನ್ನಡಕಕ್ಕೂ ಅದರಲ್ಲಿ ಪಾಲು. ಹೊರಗೆ ಕಂಡದ್ದನ್ನಷ್ಟೇ ಹತ್ತಿಯಿಂದ ಒರೆಸುವುದು, ಕಡ್ಡಿ ಒಳಗೆ ಹಾಕುವುದಿಲ್ಲ.

ಕಿವಿ ಒಣಗಿದ ಮೇಲೆ ಚಿತ್ರದಲ್ಲಿ ಹೊಸ ಗುರುತು ಬೀಳಲಿಲ್ಲ. ಮೊದಲ ದೂರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ.

ಚರ್ಮ

ಕಣ್ಣಿನ ಸುತ್ತ, ಮುಂಗಾಲುಗಳ ಮೇಲೆ ರೋಮ ಉದುರಿ ಬೂದುಬಣ್ಣದ ತೊಗಲು ಕಾಣುತ್ತಿತ್ತು. ಇದನ್ನೆಲ್ಲ ‘ಕಜ್ಜಿ’ ಎಂದು ಒಂದೇ ಹೆಸರಿನಲ್ಲಿ ಕರೆದು ಒಂದೇ ಔಷಧ ಹಚ್ಚುವುದು ರೂಢಿ. ಆದರೆ ಎರಡು ಬೇರೆ ಹುಳಗಳಿವೆ. ಸಾರ್ಕಾಪ್ಟಿಸ್ ತಡೆಯಲಾಗದಷ್ಟು ತುರಿಸುತ್ತದೆ, ಬೇರೆ ನಾಯಿಗಳಿಗೂ ಮನುಷ್ಯರಿಗೂ ಹರಡುತ್ತದೆ. ಡೆಮೊಡೆಕ್ಸ್ ರೋಮದ ಬುಡದಲ್ಲಿ ವಾಸಿಸುವಂಥದ್ದು, ಎಲ್ಲ ನಾಯಿಗಳಲ್ಲೂ ಒಂದಿಷ್ಟು ಇರುತ್ತದೆ, ಹರಡುವುದಿಲ್ಲ. ದೇಹದ ಶಕ್ತಿ ಕುಂದಿದಾಗ ಮಿತಿ ಮೀರುತ್ತದೆ. ಚರ್ಮವನ್ನು ಹಿಂಡಿ, ಎಣ್ಣೆ ಹಚ್ಚಿದ ಬ್ಲೇಡಿನಿಂದ ರಕ್ತ ಜಿನುಗುವ ತನಕ ಕೆರೆದು ನೋಡಿದಾಗ ಗುಂಡನಲ್ಲಿ ಸಿಕ್ಕಿದ್ದು ಡೆಮೊಡೆಕ್ಸ್. ಉಣ್ಣಿಗೆಂದು ಕೊಟ್ಟ ಮಾತ್ರೆಯೇ ಇದಕ್ಕೂ ಕೆಲಸ ಮಾಡುವ ಜಾತಿಯದು, ಹೊಸ ಔಷಧ ಬೇಕಾಗಲಿಲ್ಲ. ಮೇಲಿನ ಸೋಂಕಿಗೆ ಕ್ಲೋರ್‌ಹೆಕ್ಸಿಡಿನ್ ಶಾಂಪೂ. ನೊರೆ 10 ನಿಮಿಷ ಮೈಮೇಲೆ ಇರಬೇಕು. ಹಚ್ಚಿ ತಕ್ಷಣ ತೊಳೆದರೆ ಬರೀ ಸ್ನಾನ. ರೋಮ ಬಂದರೆ ರೋಗ ಹೋಯಿತೆಂದಲ್ಲ. ತಿಂಗಳ ಅಂತರದಲ್ಲಿ ಎರಡು ಸಲ ಕೆರೆದು ನೋಡಿ, ಎರಡರಲ್ಲೂ ಹುಳ ಸಿಗದಿದ್ದರೆ ನಿಲ್ಲಿಸುವುದು.

ತಟ್ಟೆ, ಮೂತ್ರ, ಹಗ್ಗ

ತಟ್ಟೆಯ ಕಾವಲು ನಾನು ಎಣಿಸಿದ್ದಕ್ಕಿಂತ ಸುಲಭವಾಗಿ ಸಡಿಲವಾಯಿತು. ಹತ್ತಿರ ಹೋದರೆ ಗುಂಡ ಅಗಿಯುವುದನ್ನು ನಿಲ್ಲಿಸಿ, ಬೆನ್ನು ಬಿಗಿದು, ತಲೆ ಎತ್ತದೆ ಕಣ್ಣಿನ ಬಿಳಿ ಮಾತ್ರ ನನ್ನ ಕಡೆ ತಿರುಗಿಸುತ್ತಿದ್ದ. ಆ ಬಿಗಿ ಕಂಡರೆ ಅಲ್ಲಿಗೆ ನಿಲ್ಲಬೇಕು, ಗುರುಗುಟ್ಟುವ ತನಕ ಕಾಯಬಾರದು. ತಟ್ಟೆಗೆ ಕೈ ಹಾಕಿ ‘ಯಜಮಾನ ಯಾರೆಂದು ತೋರಿಸುವ’ ಪದ್ಧತಿಯನ್ನು ಸಲಹೆ ಮಾಡಿದವರಿದ್ದಾರೆ. ಅವರ ನಾಯಿಗಳು ಊಟ ಮಾಡುವಾಗ ಹೇಗಿರುತ್ತವೆ ಎಂದು ನೋಡುವ ಆಸೆ ನನಗಿದೆ. ನಾನು ಅವನು ಬಿಗಿಯದಷ್ಟು ದೂರದಲ್ಲಿ ಹಾದುಹೋಗುತ್ತ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಚೂರೊಂದನ್ನು ಎಸೆದು ಮುಂದೆ ನಡೆಯುತ್ತಿದ್ದೆ. ದೂರ ನಿಧಾನವಾಗಿ ಕುಗ್ಗಿತು. ಮೈ ತುಂಬುತ್ತ ಬಂದಂತೆ ತಟ್ಟೆಯ ಬೆಲೆಯೂ ಇಳಿಯಿತು; ಹೊತ್ತಿಗೆ ಸರಿಯಾಗಿ ಊಟ ಬರುತ್ತದೆ ಎಂದು ಹೊಟ್ಟೆಗೆ ಗೊತ್ತಾದ ಮೇಲೆ ಕಾಯುವುದಕ್ಕೆ ಏನಿದೆ?

ಮೂತ್ರದ ದೂರಿಗೂ ಸೋಂಕಿನ ಕಾರಣ ಹುಡುಕಿ ಪರೀಕ್ಷೆ ಮಾಡಿಸಿದೆ. ಏನೂ ಇರಲಿಲ್ಲ. ಇದು ಅಪ್ಪಟ ಕಲಿಯದ ವಿದ್ಯೆ, ಅಷ್ಟೇ. ಎದ್ದ ಕೂಡಲೇ, ಉಂಡ ಮೇಲೆ, ಮಲಗುವ ಮೊದಲು ಹೊರಗೆ. ಸರಿಯಾದ ಜಾಗದಲ್ಲಿ ಮುಗಿಸಿದ ತಕ್ಷಣ ಅಲ್ಲೇ ತಿಂಡಿ. ಒಳಗೆ ಬಿದ್ದದ್ದಕ್ಕೆ ಕಿಣ್ವ ಇರುವ ಶುಚಿಕಾರಕ. ಅಮೋನಿಯಾ ಇರುವ ದ್ರಾವಣದಲ್ಲಿ ಒರೆಸಿದರೆ ನಾಯಿಯ ಮೂಗಿಗೆ ಅದೇ ಗುರುತು ಹೊಸದಾಗಿ ಬಿದ್ದಂತಾಗುತ್ತದೆ.

ಹೊಸ ನಾಯಿಗಳು ಕಳೆದುಹೋಗುವುದು ಹೆಚ್ಚಾಗಿ ಮೊದಲ ದಿನಗಳಲ್ಲಿ, ಬಾಗಿಲು ಅಥವಾ ಹಗ್ಗ ಜಾರಿ. ಎದೆ ಆಳವಾಗಿ ಸೊಂಟ ಸಣ್ಣಗಿರುವ ಬಡಕಲು ನಾಯಿ ಹಿಂದಕ್ಕೆ ಜಗ್ಗಿದರೆ ಎದೆಗೆ ಸುತ್ತಿ ಕಟ್ಟುವ ಸಾಮಾನ್ಯ ಹಾರ್ನೆಸ್ ತಲೆಯಿಂದ ಕಳಚಿಬರುತ್ತದೆ. ಅದಕ್ಕೆ ಪಕ್ಕೆಲುಬಿನ ಹಿಂದೆ ಮೂರನೆಯ ಪಟ್ಟಿ ಇರುವ ಹಾರ್ನೆಸ್ ತಂದು, ಎರಡು ತುದಿಗೂ ಕೊಂಡಿಯಿರುವ ಹಗ್ಗದ ಒಂದು ಕೊಂಡಿ ಹಾರ್ನೆಸ್ಸಿಗೆ, ಇನ್ನೊಂದು ಕೊರಳಪಟ್ಟಿಗೆ. ಭಾರ ಹಾರ್ನೆಸ್ಸಿನ ಮೇಲೆ, ಕೊರಳಪಟ್ಟಿಯದು ವಿಮೆ ಮಾತ್ರ. ತೂಕ ಏರಿದಂತೆ ಪಟ್ಟಿ ಸಡಿಲಿಸುತ್ತಿರಬೇಕು, ಎರಡು ಬೆರಳು ತೂರುವಷ್ಟು ಜಾಗ ಸಾಕು. ಹೊರಬಾಗಿಲಿನ ಒಳಗಡೆ ಸೊಂಟದೆತ್ತರದ ಇನ್ನೊಂದು ಗೇಟು ಹಾಕಿಸಿದೆ. ಚರ್ಮದಡಿಯ ಮೈಕ್ರೋಚಿಪ್‌ನಲ್ಲಿ ವಿಳಾಸ ಇರುವುದಿಲ್ಲ, 15 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಮುಂದೆ ನಮ್ಮ ಹೆಸರು, ಫೋನ್ ನೋಂದಾಯಿಸದಿದ್ದರೆ ಅದು ಇದ್ದೂ ಇಲ್ಲದಂತೆ.

ರಕ್ತದಲ್ಲಿ ಕೆಂಪುಕಣಗಳ ಪಾಲು 35 ಪ್ರತಿಶತ ದಾಟುವ ತನಕ ನಡಿಗೆ ಮನೆಯ ಸುತ್ತ ಮಾತ್ರ, ಆಮೇಲೆ ನಿಧಾನವಾಗಿ ಉದ್ದ. ಓಡಿಸಿ ಮಾಂಸ ಬೆಳೆಸುವ ಆತುರ ಬೇಡವೆಂದು ವೈದ್ಯರ ಕಟ್ಟಪ್ಪಣೆಯಿತ್ತು. ಬರಿಯ ತೂಕ ಏರಿದರೆ ಕೊಬ್ಬು ಏರಿರಬಹುದು. ತೊಡೆಯ ಹಿಂಭಾಗ ಕೈಗೆ ಗಟ್ಟಿ ಸಿಗುತ್ತದೆಯೇ, ಬೆನ್ನೆಲುಬಿನ ಎರಡು ಕಡೆಯ ಹಳ್ಳ ತುಂಬಿದೆಯೇ ಎಂದು ಬೇರೆ ಕಾಲಂನಲ್ಲಿ ಬರೆಯುತ್ತೇನೆ.

ಬಾಕಿ ಇರುವುದು

ಕಡೆಯ ತೂಕ 18.6. ಪಕ್ಕೆಲುಬು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುತ್ತದೆ. ಪ್ಲೇಟ್‌ಲೆಟ್ ಸಹಜ ಮಟ್ಟಕ್ಕೆ ಬಂದಿರುವುದರಿಂದ ರಕ್ತಸ್ರಾವದ ಭಯವಿಲ್ಲದೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದು. ಅದೇ ಅರಿವಳಿಕೆಯಲ್ಲಿ ಮುರಿದಿರುವ ಕೋರೆಹಲ್ಲನ್ನೂ ತೆಗೆಯುವುದೆಂದು ನಿಗದಿಯಾಗಿದೆ. ರೇಬೀಸ್, ಡಿಸ್ಟೆಂಪರ್, ಪಾರ್ವೊ ಲಸಿಕೆಗಳು ಜ್ವರ ಇಳಿದ ಮೇಲೆ ಆಗಿವೆ.

ಕೋಲು ಹಿಡಿದವರನ್ನು ಕಂಡರೆ ಈಗಲೂ ಹೊಟ್ಟೆ ನೆಲಕ್ಕೆ ತಾಗಿಸಿ ಹಿಂದೆ ಸರಿಯುತ್ತಾನೆ. ಪೊರಕೆಯೂ ಅವನಿಗೆ ಕೋಲೇ. ದೇಹದಲ್ಲಿ ಅದಕ್ಕೆ ಕಾರಣ ಹುಡುಕಿ ಸಿಗಲಿಲ್ಲ, ಹೊಡೆಸಿಕೊಂಡಿರಬೇಕು. ಗುಡಿಸುವಾಗ ಅವನನ್ನು ಇನ್ನೊಂದು ಕೋಣೆಯಲ್ಲಿ ಬಿಡುತ್ತೇವೆ. ಪೊರಕೆಯನ್ನು ನೆಲದ ಮೇಲೆ ಸುಮ್ಮನೆ ಮಲಗಿಸಿ ಸುತ್ತ ತಿಂಡಿ ಚೆಲ್ಲುವ ಪಾಠ ಬೇರೆಯಾಗಿ ನಡೆದಿದೆ. ಒಂಟಿಯಾಗಿ ಬಿಡುವ ಅಭ್ಯಾಸವೂ ಅಷ್ಟೇ: ಬೀಗದ ಕೈ ಎತ್ತಿಕೊಂಡು ಎಲ್ಲಿಗೂ ಹೋಗದೆ ಕೂರುವುದು, ಬಾಗಿಲ ಹೊರಗೆ ಕೆಲವು ಸೆಕೆಂಡು, ಆಮೇಲೆ ನಿಮಿಷ. ಮೊಬೈಲ್ ಕ್ಯಾಮೆರಾದಲ್ಲಿ ನೋಡುತ್ತೇನೆ, ಏದುಸಿರು ಅಥವಾ ಮತ್ತೆ ಮತ್ತೆ ಆಕಳಿಕೆ ಕಂಡರೆ ಮರುದಿನ ಅವಧಿ ಅರ್ಧಕ್ಕಿಳಿಯುತ್ತದೆ.

ಹೃದಯಹುಳು ಪರೀಕ್ಷೆ ಇನ್ನೊಮ್ಮೆ ಆಗಬೇಕು. ಸೊಳ್ಳೆ ಕಚ್ಚಿ ಸೋಂಕು ತಗುಲಿದ ಮೇಲೆ ಪರೀಕ್ಷೆಯಲ್ಲಿ ಕಾಣಲು ಸುಮಾರು ಆರು ತಿಂಗಳು ಹಿಡಿಯುತ್ತದೆ, ಹಾಗಾಗಿ ಮೊದಲ ದಿನ ಬಂದ ‘ಇಲ್ಲ’ ಎಂಬ ಉತ್ತರ ಹಳೆಯ ಸೋಂಕಿಗೆ ಮಾತ್ರ ಅನ್ವಯಿಸುತ್ತದೆ. ತಾರೀಖು ಪುಸ್ತಕದ ಹಿಂದಿನ ರಟ್ಟಿನ ಮೇಲಿದೆ, ಶಸ್ತ್ರಚಿಕಿತ್ಸೆಯ ತಾರೀಖಿನ ಕೆಳಗೆ.